ಗಾಡಿ ನಂಬರಿಗೆ ಬೇಡ, ಲೈಸೆನ್ಸಿಗೆ ಲೆಕ್ಕ ಇಡಿ: ವಿಮಾ ಪ್ರಾಧಿಕಾರಕ್ಕೆ ಬಳ್ಳಾರಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ಪ್ರತಿ: ಮಾನ್ಯ ಸಾರಿಗೆ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸಂಚಾರ ನಿಯಮ ಉಲ್ಲಂಘನೆಯನ್ನು ಮೋಟಾರು ವಿಮೆಯ ಪ್ರೀಮಿಯಮ್ಮಿಗೆ ಜೋಡಿಸುವ ಪ್ರಸ್ತಾವದ ಕುರಿತು.

ಮಾನ್ಯರೇ,

ಬಳ್ಳಾರಿಯಲ್ಲಿ ಮೋಟಾರು ವಿಮೆ ಮಾಡಿಸಿಕೊಡುವುದು ನನ್ನ ಕಸುಬು. ಕೌಲ್ ಬಜಾರಿನ ಹಣ್ಣಿನ ವ್ಯಾಪಾರಿಯ ಸ್ಕೂಟರು, ಸಂಡೂರಿನ ಅದಿರು ಲಾರಿ, ಸಿರುಗುಪ್ಪದ ಟ್ರ್ಯಾಕ್ಟರು, ಗಂಗಾವತಿ ಕಡೆಯ ಕ್ರೂಸರು, ಹೀಗೆ ಎಲ್ಲದರ ಆರ್‌ಸಿ, ಹಳೇ ಪಾಲಿಸಿಗಳು ನನ್ನ ಮೇಜಿಗೆ ಬರುತ್ತವೆ. ಈಚೆಗೆ ರಿನ್ಯೂವಲ್ಲಿಗೆ ಬರುವವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: “ಕೇಸ್ ಬಿದ್ರೆ ಇನ್ಸೂರೆನ್ಸೂ ಜಾಸ್ತಿ ಆಗ್ತೈತಂತಲ್ರಿ, ಹೌದಾ?” ಸದ್ಯಕ್ಕೆ ಇಲ್ಲ ಎಂದು ಹೇಳಿ ಕಳಿಸುತ್ತೇನೆ. ಆ ‘ಸದ್ಯಕ್ಕೆ’ಯ ಗಡುವು ತಮ್ಮ ಕೈಯಲ್ಲಿದೆ, ಅದಕ್ಕೇ ಈ ಪತ್ರ.

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ದಂಡಗಳು ಏರಿದಾಗಲೇ, ಉಲ್ಲಂಘನೆಯನ್ನು ಪ್ರೀಮಿಯಮ್ಮಿಗೆ ಹೇಗೆ ಜೋಡಿಸಬಹುದು ಎಂದು ನೋಡಲು ತಮ್ಮ ಪ್ರಾಧಿಕಾರ ಒಂದು ಕಾರ್ಯತಂಡವನ್ನು ನೇಮಿಸಿತು. ಅದರ ವರದಿ 2021ರ ಜನವರಿಯಲ್ಲಿ ಹೊರಬಿತ್ತು. ಸ್ವಂತ ಹಾನಿ (ನಮ್ಮ ಗಾಡಿಗಾದ ನಷ್ಟಕ್ಕೆ), ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ) ಮುಂತಾದ ಈಗಿನ ಭಾಗಗಳ ಜೊತೆಗೆ ‘ಸಂಚಾರ ಉಲ್ಲಂಘನೆ ಪ್ರೀಮಿಯಂ’ ಎಂಬ ಐದನೆಯ ಭಾಗವನ್ನು ಸೇರಿಸಬೇಕು, ಮೊದಲು ದೆಹಲಿಯಲ್ಲಿ ಪ್ರಯೋಗ ಮಾಡಬೇಕು ಎಂಬುದು ಅದರ ಸಲಹೆ. ಕುಡಿದು ಓಡಿಸಿದರೆ 100 ಪಾಯಿಂಟು, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಪಾಯಿಂಟು. ಪಾಯಿಂಟು ಕೂಡಿದಂತೆ ದ್ವಿಚಕ್ರ ವಾಹನಕ್ಕೆ 100ರಿಂದ 750 ರೂಪಾಯಿ, ನಾಲ್ಕು ಚಕ್ರದ್ದಕ್ಕೆ 300ರಿಂದ 1,500 ರೂಪಾಯಿ ಹೆಚ್ಚುವರಿ. 2024ರಲ್ಲಿ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಅವರು ಇದೇ ಬೇಡಿಕೆಯನ್ನು ಕೇಂದ್ರ ಹಣಕಾಸು ಸಚಿವರ ಮುಂದಿಟ್ಟರು. ಅಂದರೆ ಫೈಲು ಮುಚ್ಚಿಲ್ಲ.

ತತ್ವಕ್ಕೆ ನನ್ನ ವಿರೋಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಡ್ಡಾದಿಡ್ಡಿ ಓಡಿಸುವವನು ಹೆಚ್ಚು ಕಟ್ಟಲಿ, ನೆಟ್ಟಗೆ ಓಡಿಸುವವನಿಗೆ ಕಡಿಮೆಯಾಗಲಿ. ಈ ಕಸುಬಿನಲ್ಲಿ ಕೂತ ಯಾರಿಗಾದರೂ ಇಂದಿನ ವ್ಯವಸ್ಥೆಯ ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ.

2022ರ ಜೂನ್ 1ರಂದು ಜಾರಿಯಾದ ಥರ್ಡ್ ಪಾರ್ಟಿ ದರಪಟ್ಟಿಯನ್ನೇ ನೋಡಿ. 75ರಿಂದ 150 ಸಿಸಿ ಒಳಗಿನ ಸಾಮಾನ್ಯ ಬೈಕಿಗೆ 714 ರೂಪಾಯಿ. 1000ದಿಂದ 1500 ಸಿಸಿ ಕಾರಿಗೆ 3,416. 40 ಟನ್ನಿಗೂ ಮೀರಿದ ಸರಕು ಲಾರಿಗೆ 44,242. ಈ ಅಂಕಿಗಳಲ್ಲಿ ಇಂಜಿನ್ನಿನ ಗಾತ್ರ ಇದೆ, ಲಾರಿಯ ತೂಕ ಇದೆ, ಸ್ಟೇರಿಂಗ್ ಹಿಂದೆ ಕೂತ ಮನುಷ್ಯ ಎಲ್ಲೂ ಇಲ್ಲ. ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ ಮೇಷ್ಟ್ರಿಗೂ, ರಾಯಲ್ ಸರ್ಕಲ್ಲಿನಲ್ಲಿ ಸಿಗ್ನಲ್ ಹಾರಿಸುವುದನ್ನೇ ಶೌರ್ಯ ಎಂದುಕೊಂಡ ಹುಡುಗನಿಗೂ ಒಂದೇ ರೇಟು.

ಸ್ವಂತ ಹಾನಿಯ ಭಾಗದಲ್ಲಿ ಕಂಪನಿಗಳಿಗೆ 2007ರಿಂದ ದರ ನಿಗದಿಯ ಸ್ವಾತಂತ್ರ್ಯವಿದೆ. ಅಲ್ಲಾದರೂ ಚಾಲಕನ ನಡವಳಿಕೆ ಲೆಕ್ಕಕ್ಕೆ ಬರುತ್ತದೆಯೇ ಎಂದರೆ, ಅಲ್ಲಿರುವುದು ಎನ್‌ಸಿಬಿ, ಅಂದರೆ ‘ನೋ ಕ್ಲೇಮ್ ಬೋನಸ್’. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಕೊನೆಗೆ ಶೇ. 50ರವರೆಗೆ ರಿಯಾಯಿತಿ. ಇದು ಹಣ ಕೇಳದೆ ಇದ್ದದ್ದಕ್ಕೆ ಸಿಗುವ ಬಹುಮಾನ. ಚೆನ್ನಾಗಿ ಓಡಿಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಗಿರಾಕಿಯೊಬ್ಬರು ಕಾರನ್ನು ಮನೆ ಮುಂದೆ ನಿಲ್ಲಿಸಿ ಒಳಗೆ ಮಲಗಿದ್ದಾಗ ನೀರಿನ ಟ್ಯಾಂಕರ್ ಬಂದು ಉಜ್ಜಿಕೊಂಡು ಹೋಯಿತು. ಟ್ಯಾಂಕರಿನವ ನಿಲ್ಲಲಿಲ್ಲ. ಅವರು ತಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರು, ವರ್ಷಗಟ್ಟಲೆ ಕೂಡಿಬಂದ ಎನ್‌ಸಿಬಿ ಸೊನ್ನೆಗೆ ಇಳಿಯಿತು. ಇನ್ನೊಬ್ಬರು ಕುಡಿದು ಓಡಿಸಿ ಸಿಕ್ಕಿಬಿದ್ದು ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಂದವರು. ಗಾಡಿ ಎಲ್ಲೂ ಗುದ್ದಿರಲಿಲ್ಲ, ಕ್ಲೇಮ್ ಇರಲಿಲ್ಲ, ಪೂರ್ತಿ ಶೇ. 50 ಪಡೆದು ನಗುತ್ತಾ ಹೋದರು. ಇಬ್ಬರ ಪಾಲಿಸಿಯನ್ನೂ ಮಾಡಿದ್ದು ನಾನೇ.

ಆದ್ದರಿಂದ ಬದಲಾವಣೆ ಬೇಕು. ನನ್ನ ತಕರಾರು ಇರುವುದು ಕಾರ್ಯತಂಡ ತೋರಿಸಿದ ದಾರಿಯ ಬಗ್ಗೆ. ಆ ವರದಿಯ ಪ್ರಕಾರ ಪಾಯಿಂಟು ಬೀಳುವುದು ಗಾಡಿಯ ಮೇಲೆ. ಓಡಿಸಿದವರು ಯಾರೇ ಇರಲಿ, ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಾದವರು ನೋಂದಾಯಿತ ಮಾಲೀಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಇದು. ಒಂದು ಸೋಜಿಗ ನೋಡಿ: ಎನ್‌ಸಿಬಿ ಎಂಬ ಒಳ್ಳೆಯ ಗುರುತು ಮನುಷ್ಯನ ಜೊತೆ ಹೋಗುತ್ತದೆ, ಕಾರು ಮಾರಿದರೂ ಅವನದು ಅವನಿಗೇ. ಕೆಟ್ಟ ಗುರುತು ಮಾತ್ರ ಕಬ್ಬಿಣಕ್ಕೆ ಅಂಟಿಕೊಳ್ಳಬೇಕಂತೆ!

ದೆಹಲಿಯಲ್ಲಿ ಕಾರಿನ ಮಾಲೀಕನೇ ಹೆಚ್ಚಾಗಿ ಚಾಲಕನೂ ಆಗಿರಬಹುದು. ನಮ್ಮ ಕಡೆ ಹಾಗಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರು ಹೊಡೆಯುವ ಲಾರಿಗಳ ಡ್ರೈವರುಗಳು ಬಹುಪಾಲು ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುತ್ತಾರೆ. ಟ್ರಿಪ್ ಹೆಚ್ಚಾದಷ್ಟೂ ಬತ್ತಾ ಹೆಚ್ಚು, ವೇಗವೂ ಹೆಚ್ಚು. ಒಬ್ಬ ಮಾಲೀಕನ ಹತ್ತಿರ ಜಗಳವಾದರೆ ಮರುವಾರ ಇನ್ನೊಬ್ಬನ ಲಾರಿ ಹತ್ತುತ್ತಾನೆ. ಅವನು ಹಿಂದೆ ಮಾಡಿದ್ದೆಲ್ಲ ಹಳೇ ಲಾರಿಯ ನಂಬರಿನ ಮೇಲೇ ಉಳಿಯುತ್ತದೆ, ಅವನು ಹೊಸ ಮಾಲೀಕನ ಮುಂದೆ ತೊಳೆದ ಕೈಯಲ್ಲಿ ನಿಲ್ಲುತ್ತಾನೆ. ರಾಯಚೂರಿನ ಶಕ್ತಿನಗರದಿಂದ ಹಾರುಬೂದಿ ಸಾಗಿಸುವ ಟ್ಯಾಂಕರುಗಳದ್ದೂ, ಸುಗ್ಗಿಯಲ್ಲಿ ಸಿಂಧನೂರು, ಗಂಗಾವತಿಯ ರೈಸ್ ಮಿಲ್ಲುಗಳ ಮುಂದೆ ಸಾಲುಗಟ್ಟುವ ಭತ್ತದ ಲಾರಿಗಳದ್ದೂ ಇದೇ ಕಥೆ. ಮಾಲೀಕನಿಗೆ ಡ್ರೈವರನ್ನು ಇಟ್ಟುಕೊಳ್ಳುವ ಮೊದಲು ಅವನ ಚರಿತ್ರೆ ನೋಡುವ ಸುಲಭದ ದಾರಿ ಇಲ್ಲ. ಇದ್ದಿದ್ದರೆ ಮಾಲೀಕರೇ ಅರ್ಧ ಪೊಲೀಸ್ ಕೆಲಸ ಮಾಡಿಬಿಡುತ್ತಿದ್ದರು.

ಮಾರಿದ ಗಾಡಿಗಳ ಗೋಳು ಇನ್ನೊಂದು ತೆರನದು. ಗಾಡಿ ಮಾರಿದವರು ಅದೇ ರಾಜ್ಯದಲ್ಲಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು ಎನ್ನುತ್ತದೆ ಕಾಯ್ದೆಯ 50ನೇ ಕಲಂ. ನಡೆಯುವುದೇ ಬೇರೆ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡ ದಲ್ಲಾಳಿ ಅವನ್ನು ಡ್ರಾಯರಿನಲ್ಲಿ ಇಟ್ಟುಕೊಂಡು, ಗಾಡಿಯನ್ನು ಮೂರು ಕೈ ದಾಟಿಸಿಬಿಡುತ್ತಾನೆ. ಕಂಪ್ಲಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಾರಿದ ಬೈಕು ಎಲ್ಲಿದೆಯೋ ಅವರಿಗೆ ಗೊತ್ತಿಲ್ಲ. ಹೆಲ್ಮೆಟ್ ಇಲ್ಲದ, ಮೂವರು ಕೂತ ಫೋಟೋಗಳ ಸಮೇತ ನೋಟಿಸು ಮಾತ್ರ ಅವರ ಮೊಬೈಲಿಗೇ ಬರುತ್ತದೆ. “ಈ ಹುಡುಗ್ರು ಯಾರು ಅಂತಾನೇ ಗೊತ್ತಿಲ್ಲಪ್ಪಾ, ಇವರ ದಂಡ ನಾನ್ಯಾಕೆ ಕಟ್ಲಿ?” ಎಂದು ನನ್ನ ಮುಂದೆ ಫೋನು ಹಿಡಿಯುತ್ತಾರೆ. ಈಗ ಅದು ದಂಡದ ಮಾತು ಮಾತ್ರ. ತಮ್ಮ ಹೊಸ ಪದ್ಧತಿಯಲ್ಲಿ ಆ ಬೈಕಿಗೆ ಪಾಯಿಂಟು ಏರುತ್ತಾ ಹೋಗುತ್ತದೆ. ಹಾಗೆಂದು ಆ ಹುಡುಗರು ಹೆಚ್ಚು ಪ್ರೀಮಿಯಂ ಕಟ್ಟುತ್ತಾರೆ ಎಂದು ತಾವು ಭಾವಿಸಿದ್ದರೆ ಕ್ಷಮಿಸಿ, ಅವರು ವಿಮೆಯನ್ನೇ ಮಾಡಿಸುವುದಿಲ್ಲ.

ಲೈಸೆನ್ಸಿಗೆ ಪಾಯಿಂಟು ಹಾಕಿ ವಿಮೆಗೆ ಜೋಡಿಸುವುದು ಹೊಸ ಸಂಗತಿಯೇನಲ್ಲ. ಬ್ರಿಟನ್ನಿನಲ್ಲಿ ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನೇ, ನೋಟಿಸು ಹೋಗುವುದೂ ವಾಹನದ ನೋಂದಾಯಿತರಿಗೇ. ಆದರೆ ಓಡಿಸುತ್ತಿದ್ದವರು ಯಾರು ಎಂದು ಹೇಳುವುದು ಅವರ ಕಾನೂನುಬದ್ಧ ಹೊಣೆ, ಪಾಯಿಂಟು ಬೀಳುವುದು ಆ ಚಾಲಕನ ಲೈಸೆನ್ಸಿಗೆ. ಅತಿ ವೇಗಕ್ಕೆ ಕನಿಷ್ಠ 3 ಪಾಯಿಂಟು. ಮೂರು ವರ್ಷದೊಳಗೆ 12 ಆದರೆ ಸಾಮಾನ್ಯವಾಗಿ ಓಡಿಸುವ ಹಕ್ಕೇ ಹೋಗುತ್ತದೆ. ವಿಮಾ ಕಂಪನಿ ಹಿಂದಿನ ಐದು ವರ್ಷಗಳ ತಪ್ಪುಗಳನ್ನು ಕೇಳಿ ಅದಕ್ಕೆ ತಕ್ಕಂತೆ ದರ ಹಾಕುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ ಅಂಗೀಕರಿಸಿದ ಕಾನೂನು ಇನ್ನೂ ಮುಂದೆ ಹೋಗಿದೆ: ಕಾರು ವಿಮೆಯ ದರಕ್ಕೆ ಮೊದಲ ಆಧಾರ ಚಾಲಕನ ದಾಖಲೆ, ಎರಡನೆಯದು ವರ್ಷಕ್ಕೆ ಓಡಿಸುವ ದೂರ, ಮೂರನೆಯದು ಓಡಿಸಿದ ಅನುಭವದ ವರ್ಷಗಳು. ದಾಖಲೆ ಚೊಕ್ಕವಾಗಿರುವ ಅರ್ಹ ಚಾಲಕರಿಗೆ ಕನಿಷ್ಠ ಶೇ. 20 ರಿಯಾಯಿತಿ ಕೊಡಲೇಬೇಕು. ಸಣ್ಣ ತಪ್ಪು ಮಾಡಿದವರು ಸಂಚಾರ ತರಗತಿಗೆ ಹೋಗಿ ಬಂದರೆ ಆ ಪಾಯಿಂಟು ವಿಮಾ ಕಂಪನಿಯ ಕಣ್ಣಿಗೆ ಬೀಳದಂತೆ ಮರೆಯಾಗುತ್ತದೆ, ಅದೂ 18 ತಿಂಗಳಿಗೆ ಒಮ್ಮೆ ಮಾತ್ರ. ಕುಡಿದು ಓಡಿಸಿದವರಿಗೆ ಆ ಬಾಗಿಲು ಮುಚ್ಚಿದೆ. ಅವರು ‘ಒಳ್ಳೆಯ ಚಾಲಕ’ನ ರಿಯಾಯಿತಿಗೆ ಹತ್ತು ವರ್ಷ ಕಾಯಬೇಕು. ಪಾಯಿಂಟು ಏರುವ ಮೆಟ್ಟಿಲೂ ಇದೆ, ಇಳಿಯುವ ಮೆಟ್ಟಿಲೂ ಇದೆ ಎಂಬುದು ನಾನು ಎತ್ತಿ ತೋರಿಸಬೇಕೆಂದಿರುವ ಅಂಶ.

ಆ ದೇಶಗಳ ರಸ್ತೆ ಬೇರೆ, ನಮ್ಮದು ಬೇರೆ ಎನ್ನುವ ಉತ್ತರ ಬರಬಹುದು. ರಸ್ತೆ ಬೇರೆ ನಿಜ. ಕಾನೂನಿನಲ್ಲಿ ಬೇಕಾದ್ದು ನಮ್ಮಲ್ಲೂ ಇದೆ. ನಮ್ಮ ಕಾಯ್ದೆಯ 133ನೇ ಕಲಂ ಪ್ರಕಾರ, ಅಪರಾಧದ ಆರೋಪ ಬಂದಾಗ ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಬೇಕಾದ್ದು ಮಾಲೀಕನ ಕರ್ತವ್ಯ. ಸರ್ಕಾರದ ಕಂಪ್ಯೂಟರ್ ದಾಖಲೆಗಳಲ್ಲಿ ಗಾಡಿಗಳ ಮಾಹಿತಿ ‘ವಾಹನ್’ನಲ್ಲಿದೆ, ಲೈಸೆನ್ಸುಗಳದ್ದು ‘ಸಾರಥಿ’ಯಲ್ಲಿದೆ. ನೋಟಿಸಿನ ಜೊತೆಗೇ “ಓಡಿಸಿದವರು ನೀವಲ್ಲದಿದ್ದರೆ ಅವರ ಲೈಸೆನ್ಸ್ ನಂಬರ್ ಹಾಕಿ” ಎಂಬ ಒಂದು ಸಾಲನ್ನು ಸೇರಿಸಿ, ಹೆಸರಿಸಲ್ಪಟ್ಟವನಿಗೆ ಒಪ್ಪುವ ಅಥವಾ ತಕರಾರು ಹೇಳುವ ಅವಕಾಶ ಕೊಟ್ಟರೆ ಲಾರಿ ಮಾಲೀಕರ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಚಾಲಕನನ್ನು ಹೆಸರಿಸಲು ಒಪ್ಪದ ಮಾಲೀಕನ ಮೇಲೆ ಬೇಕಾದರೆ ಹೊರೆ ಹಾಕಿ, ನಾನು ಅಡ್ಡ ಬರುವುದಿಲ್ಲ.

ಇನ್ನು ಯಾವ ತಪ್ಪಿಗೆ ಪಾಯಿಂಟು ಎಂಬ ಮಾತು. ಪಾರ್ಕಿಂಗಿಗೆ 10 ಪಾಯಿಂಟು ಇಡಲು ಹೊರಟವರು ಒಮ್ಮೆ ಸಂಜೆ ನಮ್ಮ ಬೆಂಗಳೂರು ರಸ್ತೆಗೋ ತೇರು ಬೀದಿಗೋ ಬಂದು ಒಂದು ಸ್ಕೂಟರು ನಿಲ್ಲಿಸಿ ತೋರಿಸಲಿ. ಜಾಗವೇ ಇಲ್ಲದ ಪೇಟೆಯಲ್ಲಿ ಔಷಧಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿದವನು ದಂಡ ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ಅದರಿಂದ ಅವನು ನಾಳೆ ಯಾರಿಗಾದರೂ ಗುದ್ದುವ ಸಾಧ್ಯತೆ ಹೆಚ್ಚಾಯಿತೇ? ವಿಮೆಯ ದರ ಎಂದರೆ ಅಪಾಯದ ಬೆಲೆ. ಕುಡಿತ, ಅತಿ ವೇಗ, ಕೆಂಪು ದೀಪ ಹಾರಿಸುವುದು, ರಾಂಗ್ ಸೈಡ್, ಕಿವಿಗೆ ಮೊಬೈಲು, ಮಿತಿಮೀರಿದ ಲೋಡು ಇವು ಜೀವ ತೆಗೆಯುವ ತಪ್ಪುಗಳು, ಇವಕ್ಕೆ ಪಾಯಿಂಟು ಇರಲಿ. ಹೊಗೆ ತಪಾಸಣೆಯ ಚೀಟಿ ಮರೆತದ್ದು, ಪಾರ್ಕಿಂಗು, ಇವೆಲ್ಲ ದಂಡದಲ್ಲೇ ಮುಗಿಯಲಿ. ಇನ್ನೊಂದು ಕಡೆ, ಕುಡಿದು ಓಡಿಸಿದ ಕಾರಿನವನಿಗೆ ಹೆಚ್ಚೆಂದರೆ 1,500 ರೂಪಾಯಿ ಎಂಬುದು ನನಗಂತೂ ತಮಾಷೆಯಾಗಿ ಕಾಣುತ್ತದೆ. ಮೊದಲ ಸಲದ ದಂಡವೇ 10,000 ರೂಪಾಯಿವರೆಗೆ ಇರುವಾಗ, ಅದರ ಮುಂದೆ ಈ ಹೆಚ್ಚುವರಿ ಯಾವ ಲೆಕ್ಕ? ಸಣ್ಣವರಿಗೆ ಕಿರಿಕಿರಿ, ದೊಡ್ಡವರಿಗೆ ಚಿಲ್ಲರೆ ಎಂಬಂತಾದೀತು.

ಸಾರಿಗೆ ಸಚಿವರಲ್ಲಿ ಒಂದು ಮಾತು, ಇದು ರಾಜ್ಯಕ್ಕೆ ಸೇರಿದ್ದು. 2023ರ ಫೆಬ್ರವರಿಯಲ್ಲಿ ಬಾಕಿ ಇ-ಚಲನ್ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿರಿ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟಿರಿ. ಬೊಕ್ಕಸಕ್ಕೆ ಹಣ ಬಂತು, ಬಾಕಿ ಕರಗಿತು, ಸರಿ. ಜನ ಕಲಿತ ಪಾಠ ಏನು ಗೊತ್ತೇ? “ಈಗ್ಯಾಕೆ ಕಟ್ತೀರಿ, ಆಫರ್ ಬರ್ತೈತೆ ತಡೀರಿ.” ಆರ್‌ಟಿಒ ಮುಂದಿನ ಚಹಾದಂಗಡಿಯಲ್ಲಿ ಕೂತರೆ ಇದನ್ನು ತಾವೇ ಕೇಳಬಹುದು. ನಾಳೆ ಪ್ರೀಮಿಯಮ್ಮಿಗೆ ಉಲ್ಲಂಘನೆ ಜೋಡಿಸಿದಾಗ, ಅರ್ಧ ದಂಡ ಕಟ್ಟಿದವನ ಪಾಯಿಂಟು ಪೂರ್ತಿ ಉಳಿಯುತ್ತದೆಯೋ, ಅರ್ಧಕ್ಕೆ ಇಳಿಯುತ್ತದೆಯೋ, ಅಳಿಸಿಯೇ ಹೋಗುತ್ತದೆಯೋ? ದಂಡ ಬಾಕಿ ಇರುವುದು ಬೇರೆ, ಅಪಾಯಕಾರಿಯಾಗಿ ಓಡಿಸುವುದು ಬೇರೆ. ಸಾಲಗಾರನನ್ನೂ ಪುಂಡನನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ.

ಅಧ್ಯಕ್ಷರೇ, ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಮುಂದಿನ ವಿಷಯದಲ್ಲಿ. ದೇಶದ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ವಿಮೆಯಿಲ್ಲದೆ ಓಡುತ್ತಿವೆ ಎಂದು 2024ರಲ್ಲಿ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯೇ ಕಳವಳ ವ್ಯಕ್ತಪಡಿಸಿದೆ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅಷ್ಟಿದ್ದೂ ಹಳ್ಳಿಗಳಲ್ಲಿ ಹೊಸ ಬೈಕಿನ ಜೊತೆ ಬಂದ ಐದು ವರ್ಷದ ಥರ್ಡ್ ಪಾರ್ಟಿ ಮುಗಿದ ಮೇಲೆ ಮತ್ತೆ ಮಾಡಿಸುವವರು ಕಡಿಮೆ. ಅಂಥಲ್ಲಿ “ಬಾಕಿ ಚಲನ್ ಕಟ್ಟದಿದ್ದರೆ ಪಾಲಿಸಿ ಇಲ್ಲ” ಎಂಬ ನಿಯಮ ತಂದರೆ ಅವರು ಚಲನ್ನೂ ಕಟ್ಟುವುದಿಲ್ಲ, ಪಾಲಿಸಿಯನ್ನೂ ಮಾಡಿಸುವುದಿಲ್ಲ. ಅದರ ಪೆಟ್ಟು ಬೀಳುವುದು ಅವರ ಮೇಲಲ್ಲ. ಸಂಜೆ ಹೊತ್ತು ರಸ್ತೆ ಬದಿ ನಡೆದು ಬರುವ ಕೂಲಿ ಹೆಂಗಸಿಗೆ ಅಂಥ ಬೈಕು ಗುದ್ದಿದರೆ ಅಪಘಾತ ಪರಿಹಾರದ ಟ್ರಿಬ್ಯೂನಲ್ ಲಕ್ಷಗಟ್ಟಲೆ ಪರಿಹಾರ ಬರೆದುಕೊಡಬಹುದು. ವಸೂಲಿ ಮಾಡುವುದು ಒಂದು ಹಳೇ ಬೈಕು, ತಗಡಿನ ಮನೆ ಇರುವವನಿಂದ. ಥರ್ಡ್ ಪಾರ್ಟಿ ವಿಮೆ ಇರುವುದು ಮಾಲೀಕನ ಅನುಕೂಲಕ್ಕಲ್ಲ, ಎದುರಿಗೆ ಸಿಕ್ಕವರ ರಕ್ಷಣೆಗೆ. ಆದ್ದರಿಂದ ಯಾವ ಬಾಕಿಯಿದ್ದರೂ, ಎಷ್ಟೇ ಪಾಯಿಂಟು ಇದ್ದರೂ ಥರ್ಡ್ ಪಾರ್ಟಿ ಪಾಲಿಸಿಯನ್ನು ನಿರಾಕರಿಸುವಂತಿಲ್ಲ ಎಂದು ನಿಯಮದಲ್ಲೇ ಬರೆಯಿರಿ. ಹೊರೆ ಹಾಕಿ, ಬಾಗಿಲು ಹಾಕಬೇಡಿ.

ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಸರಕಿನ ಗಾಡಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವುದನ್ನು ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಯ ರಸ್ತೆಗಳಲ್ಲಿ ನಿತ್ಯ ಕಾಣುತ್ತೇವೆ. ಗಾಡಿ ಮಗುಚಿದರೆ ಹಿಂದೆ ಕೂತವರಿಗೆ ಥರ್ಡ್ ಪಾರ್ಟಿ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಇದು ಉಲ್ಲಂಘನೆಯೂ ಹೌದು, ಬಡತನವೂ ಹೌದು. ಪಾಯಿಂಟಿನಿಂದ ಬಗೆಹರಿಯುವ ಸಂಗತಿ ಅಲ್ಲ, ಬಸ್ಸಿನಿಂದ ಬಗೆಹರಿಯುವುದು. ಸಚಿವರು ಓದುತ್ತಿದ್ದರೆ ಇದನ್ನೂ ಗಮನಿಸಲಿ ಎಂದು ನಡುವೆ ಸೇರಿಸಿದೆ.

ತಪ್ಪು ನೋಟಿಸಿನ ಬಗ್ಗೆ ಹೇಳದೆ ಮುಗಿಸಲಾರೆ. 8 ಅನ್ನು 3 ಎಂದು ಓದಿದ ಕ್ಯಾಮೆರಾ, ಬೇರೆಯವರ ನಂಬರ್ ಹಾಕಿಕೊಂಡ ಕಳ್ಳ ಗಾಡಿ, ಇವುಗಳಿಂದ ಊರು ಬಿಟ್ಟು ಹೋಗದ ಸ್ಕೂಟರಿಗೂ ದೂರದ ಊರಿನಿಂದ ದಂಡ ಬಂದದ್ದನ್ನು ನಾನೇ ನೋಡಿದ್ದೇನೆ. ಎಲೆಕ್ಟ್ರಾನಿಕ್ ನಿಗಾದ ನೋಟಿಸನ್ನು 15 ದಿನದೊಳಗೆ ಕಳಿಸಬೇಕು, ಕ್ಯಾಮೆರಾ ಇರುವ ಕಡೆ ಎಚ್ಚರಿಕೆ ಫಲಕ ಹಾಕಬೇಕು ಎಂದು 2021ರ ಕೇಂದ್ರ ನಿಯಮ ಹೇಳಿತು. ಹಳೇ ಮೊಬೈಲ್ ನಂಬರ್ ಕೊಟ್ಟವರಿಗೆ, ಓದಲು ಬಾರದವರಿಗೆ ಆ ನೋಟಿಸು ತಲುಪುವುದೇ ಇಲ್ಲ. ದಂಡವಾದರೆ ಒಂದು ಸಲ ಕಟ್ಟಿ ಮರೆಯಬಹುದು. ಪ್ರೀಮಿಯಮ್ಮಿಗೆ ಅಂಟಿದ ತಪ್ಪು ದಾಖಲೆ ಪ್ರತಿ ವರ್ಷ ಜೇಬು ಕತ್ತರಿಸುತ್ತದೆ. ಅದಕ್ಕಾಗಿ, ಹೆಚ್ಚುವರಿ ಹಾಕುವ ಮೊದಲು ಆ ಲೈಸೆನ್ಸುದಾರನಿಗೆ ಕನ್ನಡದಲ್ಲಿ ಒಂದು ಪತ್ರ ಹೋಗಬೇಕು: ಯಾವ ದಿನ, ಎಲ್ಲಿ, ಯಾವ ತಪ್ಪು, ಎಷ್ಟು ಪಾಯಿಂಟು, ಯಾರ ಬಳಿ ತಕರಾರು ಹೇಳಬೇಕು ಎಂದು. ತಕರಾರು ಕೇಳುವವರು ಜಿಲ್ಲಾ ಕೇಂದ್ರದಲ್ಲಿ ಕೂತಿರಬೇಕು. ಸಿಂಧನೂರಿನ ಟಂಟಂ ಚಾಲಕ 714 ರೂಪಾಯಿಯ ಬೈಕ್ ಪಾಲಿಸಿಗಾಗಿ ಬೆಂಗಳೂರಿಗೆ ಹೋಗಿಬರಲಾರ. ತಕರಾರು ಇತ್ಯರ್ಥವಾಗುವವರೆಗೆ ಹಳೇ ದರವೇ ನಡೆಯಲಿ.

ಪಾಯಿಂಟಿಗೆ ಆಯುಸ್ಸು ಇರಲಿ. ಮೂರು ವರ್ಷ ಮತ್ತೊಂದು ತಪ್ಪು ಮಾಡದವನ ಲೆಕ್ಕ ಸೊನ್ನೆಯಾಗಲಿ, ಕುಡಿತದ್ದು ಮಾತ್ರ ಹೆಚ್ಚು ಕಾಲ ಉಳಿಯಲಿ. ಚೊಕ್ಕ ದಾಖಲೆಯವರಿಗೆ ಥರ್ಡ್ ಪಾರ್ಟಿ ದರದಲ್ಲೇ ಕಡಿತ ಸಿಗುವಂತೆ ರಸ್ತೆ ಸಾರಿಗೆ ಸಚಿವಾಲಯದೊಂದಿಗೆ ಮಾತಾಡಿ. 2022ರಲ್ಲಿ ತಾವು ಅನುಮತಿ ಕೊಟ್ಟ ‘ಓಡಿಸಿದಷ್ಟಕ್ಕೆ ಕಟ್ಟು’, ‘ಓಡಿಸಿದ ರೀತಿಗೆ ಕಟ್ಟು’ ಎಂಬ ಸೌಲಭ್ಯಗಳು ಸ್ವಂತ ಹಾನಿಯ ಪಾಲಿಸಿಗೆ ಸೇರಿದವು, ಹೊಸ ಕಾರಿನವರ ಕೈಗೆ ಎಟುಕುವಂಥವು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರ ಹತ್ತಿರ ಇರುವುದು ಬರೀ ಥರ್ಡ್ ಪಾರ್ಟಿ. ಒಳ್ಳೆಯದಾಗಿ ಓಡಿಸಿದ್ದಕ್ಕೆ ಅವರಿಗೆ ಇವತ್ತಿನವರೆಗೆ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ನೂರು ರೂಪಾಯಿ ಕಡಿಮೆಯಾದರೂ ಸಾಕು, ಇಡೀ ಓಣಿಗೆ ಹೇಳಿಕೊಂಡು ಬರುತ್ತಾರೆ.

2021ರ ವರದಿಗೆ ಸಾರ್ವಜನಿಕ ಅಭಿಪ್ರಾಯ ತಿಳಿಸಲು ಫೆಬ್ರವರಿ 1ರ ಗಡುವು ಕೊಟ್ಟಿದ್ದಿರಿ. ಅದು ಬಳ್ಳಾರಿಯ ಲಾರಿ ಮಾಲೀಕರಿಗೂ ರಾಯಚೂರಿನ ಆಟೋದವರಿಗೂ ಗೊತ್ತಾಗುವಷ್ಟರಲ್ಲಿ ಮುಗಿದುಹೋಗಿತ್ತು. ಈ ಸಲ ಕರಡು ಹೊರಡಿಸಿದಾಗ ಕನ್ನಡದಲ್ಲೂ ಹೊರಡಿಸಿ, ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಿ, ಕಲ್ಯಾಣ ಕರ್ನಾಟಕದಲ್ಲಿ ಒಂದಾದರೂ ಅಹವಾಲು ಸಭೆ ನಡೆಸಿ. ಹೈದರಾಬಾದಿನಿಂದ ರಾಯಚೂರು ದೂರವೇನಲ್ಲ. ಸಭೆಗೆ ಲಾರಿ ಮಾಲೀಕರನ್ನು ಕರೆಯುವಾಗ ಡ್ರೈವರುಗಳನ್ನೂ ಕರೆಯಿರಿ, ಟ್ರಿಪ್ ಬಿಟ್ಟು ಬರುವವರಿಗೆ ಆ ದಿನದ ಬತ್ತಾ ಕೊಡುವ ವ್ಯವಸ್ಥೆಯನ್ನೂ ಮಾಡಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೋಟಾರು ವಿಮಾ ಏಜೆಂಟ್,
ಬಳ್ಳಾರಿ